ಮೀಸಲು ಕೂದಲಿಗೆ ಇಪ್ಪತ್ತು ವಾಲ್ಯೂಮ್

ಡೆವಲಪರ್ ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಇಪ್ಪತ್ತು ವಾಲ್ಯೂಮ್ ಎಂದು ಬರೆದಿರುತ್ತದೆ. ಕೂದಲಿಗೆ ಹಚ್ಚುವ ಬಣ್ಣಕ್ಕೆ ಬೆರೆಸುವ ಬಿಳಿ ಕ್ರೀಮು ಅದು, ಒಳಗಿರುವುದು ಪೆರಾಕ್ಸೈಡ್. ಕೂದಲಿನ ಹಳೇ ಬಣ್ಣವನ್ನು ತಿಂದು ಹೊಸದಕ್ಕೆ ಜಾಗ ಮಾಡಿಕೊಡುವುದು ಅದರ ಕೆಲಸ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ಬೇರೆಬೇರೆ ಬಾಟಲಿಗಳು ಸಿಗುತ್ತವೆ. ಸಂಖ್ಯೆ ಏರಿದಷ್ಟೂ ಖಾರ ಹೆಚ್ಚು. ಇಷ್ಟನ್ನು ಬ್ಯೂಟಿಷಿಯನ್ ಕೋರ್ಸಿಗೆ ಸೇರಿದ ಹೊಸತರಲ್ಲೇ ಕಲಿತಿದ್ದೆ. ನನ್ನ ತಲೆ ಕೊರೆದದ್ದು ಬೇರೆ ಪ್ರಶ್ನೆ. ಇಪ್ಪತ್ತು ವಾಲ್ಯೂಮ್ ಸರಿ, ಯಾವುದರ ವಾಲ್ಯೂಮ್?

ಆರ್.ಟಿ. ನಗರದ ಒಂದು ಮಹಡಿಯ ಮೇಲೆ ನಮಗೆ ಪಾಠ ಹೇಳುತ್ತಿದ್ದ ಮೇಡಂ ಅವರನ್ನೇ ಕೇಳಿದೆ.

"ಸ್ಟ್ರೆಂತ್ ಕಣ್ರೀ ಅದು," ಅಂದರು.

"ಸ್ಟ್ರೆಂತ್ ಸರಿ ಮೇಡಂ. ಇಪ್ಪತ್ತು ಅಂದ್ರೆ ಏನ್ ಇಪ್ಪತ್ತು?"

"ಎಕ್ಸಾಮಿಗೆ ಬರಲ್ಲ ಬಿಡ್ರೀ. ಫಾಯಿಲ್ ಮಡಚೋದ್ ನೋಡ್ಕೊಳ್ಳಿ ಮೊದ್ಲು."

ಇಂಥ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತದೆ. ಗೊತ್ತಿಲ್ಲ ಎಂದುಬಿಟ್ಟರೆ ನನ್ನ ತಕರಾರೇನೂ ಇಲ್ಲ. ಕೇಳಿದ್ದೇ ತಪ್ಪು ಎನ್ನುವ ಹಾಗೆ ಮಾತಾಡಿದರೆ ಆ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ.

ಕೋರ್ಸು ಮುಗಿಸಿ ಜಕ್ಕೂರಿನ ಹಳೇ ಊರಿನಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ತೆರೆದೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳು ಬೇಕಾದಷ್ಟು ಸಿಕ್ಕವು. ಪಿಯುಸಿಯಲ್ಲಿ ಕೆಮಿಸ್ಟ್ರಿಗೂ ನನಗೂ ಆಗಿಬರುತ್ತಿರಲಿಲ್ಲ. ಈಗ ಅದೇ ವಿಷಯ ಬಾಟಲಿಯೊಳಗೆ ಕೂತು ನನ್ನ ಹೊಟ್ಟೆಪಾಡಾಗಿತ್ತು. ಫೋನಿನಲ್ಲಿ ಹುಡುಕಿ ಓದಿದೆ. ಒಂದು ಲೋಟ ಇಪ್ಪತ್ತು ವಾಲ್ಯೂಮ್ ಪೆರಾಕ್ಸೈಡ್ ಪೂರ್ತಿ ಒಡೆದುಹೋದರೆ ಇಪ್ಪತ್ತು ಲೋಟ ಆಮ್ಲಜನಕ ಹೊರಬರುತ್ತದಂತೆ. ಅಷ್ಟೇ! ಇದನ್ನು ಹೇಳಲು ಮೇಡಂಗೆ ಎಷ್ಟು ಹೊತ್ತು ಬೇಕಿತ್ತು?

ಓದಿದ ಮಾತ್ರಕ್ಕೆ ನಂಬುವ ಜಾಯಮಾನ ನನ್ನದಲ್ಲ. ಬಕೆಟ್ಟಿಗೆ ನೀರು ತುಂಬಿದೆ. ದೊಡ್ಡ ಬಾಟಲಿಯೊಂದಕ್ಕೂ ನೀರು ತುಂಬಿ ಬಕೆಟ್ಟಿನೊಳಗೆ ತಲೆಕೆಳಗಾಗಿ ನಿಲ್ಲಿಸಿದೆ. ಸಣ್ಣ ಬಾಟಲಿಯೊಂದರಲ್ಲಿ ಅಳತೆ ಮಾಡಿ ಡೆವಲಪರ್ ಹಾಕಿ, ಅದಕ್ಕೆ ತುರಿದ ಹಸಿ ಆಲೂಗಡ್ಡೆ ಸೇರಿಸಿದೆ. ಆಲೂಗಡ್ಡೆಯ ರಸಕ್ಕೆ ಪೆರಾಕ್ಸೈಡನ್ನು ಒಡೆಯುವ ಗುಣ ಇದೆ ಎಂದೂ ಓದಿಕೊಂಡಿದ್ದೆ. ಮುಚ್ಚಳಕ್ಕೆ ತೂತು ಮಾಡಿ, ಮೆಡಿಕಲ್ ಶಾಪಿನಿಂದ ತಂದ ಗ್ಲೂಕೋಸ್ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಕೆಟ್ಟಿನ ಬಾಟಲಿಯೊಳಗೆ ತೂರಿಸಿ ಕುಕ್ಕರುಗಾಲಲ್ಲಿ ಕೂತೆ. ಗುಳುಗುಳು ಎಂದು ಗುಳ್ಳೆಗಳು ಏಳತೊಡಗಿದವು. ಮೊದಲ ಸಲ ಅರ್ಧ ನೊರೆಯಾಗಿ ಪೈಪಿಗೆ ನುಗ್ಗಿ ಲೆಕ್ಕವೆಲ್ಲ ಕೆಟ್ಟಿತು. ಡೆವಲಪರಿಗೆ ನೀರು ಸೇರಿಸಿ ತೆಳ್ಳಗೆ ಮಾಡಿ ಮತ್ತೆ ಕೂತೆ. ಸರಿಯಾಗಿ ಇಪ್ಪತ್ತು ಪಾಲು ಬರಲಿಲ್ಲ, ಹದಿನೇಳೋ ಹದಿನೆಂಟೋ ಬಂತು. ನನಗೆ ಅಷ್ಟು ಸಾಕಾಗಿತ್ತು. ಅಷ್ಟೊಂದು ಗಾಳಿ ಆ ಚೂರು ಬಿಳಿ ಕ್ರೀಮಿನೊಳಗೆ ಮುದುಡಿ ಕೂತಿತ್ತಲ್ಲ ಎಂದು ಬೆರಗಾಯಿತು. ಅದು ಆಮ್ಲಜನಕವೇ ಹೌದೋ ನೋಡೋಣ ಎಂದು ಬಕೆಟ್ಟಿನ ಬಾಟಲಿಯನ್ನು ಎತ್ತಿ, ಆರುತ್ತಿದ್ದ ಊದುಬತ್ತಿಯನ್ನು ಒಳಗೆ ಇಳಿಬಿಟ್ಟೆ. ಭಗ್ಗನೆ ಹತ್ತಿಕೊಂಡಿತು. ಅದೇ ಹೊತ್ತಿಗೆ ಐಬ್ರೋ ಮಾಡಿಸಲು ಬಂದ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು, "ಏನ್ರೀ, ಪೂಜೆನಾ? ಆಮೇಲ್ ಬರ್ಲಾ?" ಅಂದರು.

ನಮ್ಮಂಥ ಸಣ್ಣ ಪಾರ್ಲರಿನವರು ಎಲ್ಲ ಬಗೆಯ ಬಾಟಲಿಗಳನ್ನೂ ತರಿಸಿಡುವುದಿಲ್ಲ. ನಲವತ್ತರದ್ದು ಒಂದು ತಂದಿಟ್ಟುಕೊಂಡರೆ ಆಯಿತು. ಸಮಪಾಲು ನೀರು ಬೆರೆಸಿದರೆ ಇಪ್ಪತ್ತು, ಅದಕ್ಕೆ ಮತ್ತೆ ಸಮಪಾಲು ಬೆರೆಸಿದರೆ ಹತ್ತು. ಗಟ್ಟಿ ಮಜ್ಜಿಗೆಯನ್ನು ನೀರುಮಜ್ಜಿಗೆ ಮಾಡಿದ ಹಾಗೆ. ಕಂಪನಿಯಿಂದ ಬಂದಿದ್ದ ಟ್ರೈನರ್ ಹುಡುಗಿ, ಕ್ರೀಮಿಗೆ ನೀರು ಬೆರೆಸಲೇಬಾರದು, ತೆಳ್ಳಗಾಗಿ ಹಣೆಗೆ ಇಳಿಯುತ್ತದೆ ಎಂದು ಹೇಳಿ ಹೋಗಿದ್ದಳು. ಎಲ್ಲರೂ ತಲೆಯಾಡಿಸಿದೆವು, ಎಲ್ಲರೂ ಬೆರೆಸಿದೆವು. ಅವಳು ಹೇಳಿದಂತೆ ಹಣೆಗೆ ಇಳಿಯಿತು ಕೂಡ. ಆಮೇಲೆ ನಾನು ಹತ್ತರ ಬಾಟಲಿಯನ್ನೂ ತರಿಸಿ, ನೀರಿನ ಬದಲು ಅದನ್ನೇ ಬೆರೆಸತೊಡಗಿದೆ. ಎರಡು ಪಾಲು ಹತ್ತಕ್ಕೆ ಒಂದು ಪಾಲು ನಲವತ್ತು ಸೇರಿದರೆ ಇಪ್ಪತ್ತಾಗುತ್ತದೆ, ಕ್ರೀಮೂ ಗಟ್ಟಿಯಾಗಿ ಉಳಿಯುತ್ತದೆ. ಇದನ್ನು ನಾನೇ ಲೆಕ್ಕ ಹಾಕಿ ಕಂಡುಕೊಂಡ ದಿನ ಯಾರಿಗಾದರೂ ಹೇಳಬೇಕೆನಿಸಿ ಒದ್ದಾಡಿದ್ದೆ. ಹೇಳಿದರೆ ಕೇಳುವವರು ಯಾರೂ ಇರಲಿಲ್ಲ.

ನೀರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಹತ್ತಕ್ಕಿಂತ ಸಪ್ಪೆ ಬೇಕಾದರೆ ನೀರೇ ಗತಿ. ಒಂದು ಸಲ ಮನೆಯ ಬೋರ್‌ವೆಲ್ ನೀರು ಬೆರೆಸಿ, ಮಿಕ್ಕಿದ್ದನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಮಾರನೆಯ ದಿನ ನೋಡಿದರೆ ಬಾಟಲಿ ಪೂರಿಯಂತೆ ಊದಿಕೊಂಡಿತ್ತು. ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಅದು ಹಾರಿ ಹೋಗಿ ಕನ್ನಡಿಗೆ ಬಡಿಯಿತು. ನಮ್ಮ ಕಡೆಯ ಬೋರ್‌ವೆಲ್ ನೀರು ಹಿಡಿದರೆ ಬಕೆಟ್ಟಿನ ಅಂಚಿಗೆ ಕೆಂಪು ಕರೆ ಕಟ್ಟುತ್ತದೆ. ನೀರಿನಲ್ಲಿ ಅಷ್ಟು ಕಬ್ಬಿಣ. ಕಬ್ಬಿಣ ಸೋಕಿದರೆ ಪೆರಾಕ್ಸೈಡ್ ಕೆರಳುತ್ತದೆ, ಆಲೂಗಡ್ಡೆ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ ಎಂದು ಆಗ ತಿಳಿಯಿತು. ಅಂದಿನಿಂದ ಮೇನ್ ರೋಡಿನ ಇನ್ವರ್ಟರ್ ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಕ್ಯಾನು ತರತೊಡಗಿದೆ. ಅಂಗಡಿಯವನು, "ಎಷ್ಟ್ ಬ್ಯಾಟರಿ ಇಟ್ಟಿದೀರ ಮೇಡಂ ಮನೇಲಿ?" ಎಂದು ಕೇಳುತ್ತಲೇ ಇರುತ್ತಾನೆ.

ದೊಡ್ಡಮ್ಮ ಬಂದದ್ದು ಇದೆಲ್ಲ ಆದ ಮೇಲೆ. ರಕ್ತಸಂಬಂಧವೇನಿಲ್ಲ, ಹಿಂದಿನ ಬೀದಿಯವರು, ನನ್ನನ್ನು ಎತ್ತಿ ಆಡಿಸಿದವರು. ಬೇಸಾಯ ಮಾಡುತ್ತಿದ್ದ ಮನೆ; ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳ ಸಾಲಿದೆ. ಅರವತ್ತು ದಾಟಿದ್ದರೂ ಸೊಂಟದಿಂದ ಕೆಳಗಿಳಿಯುವ ಜಡೆ ಅವರದು. ನನ್ನ ಪಾರ್ಲರಿಗೆ ಎಂದೂ ಕಾಲಿಟ್ಟಿರಲಿಲ್ಲ. ಅವತ್ತು ಒಳಗೆ ಬಂದವರು ಕುರ್ಚಿಯಲ್ಲಿ ಕೂರದೆ, ಬೀದಿಯ ಕಡೆ ಒಮ್ಮೆ ನೋಡಿದರು.

"ಬಾಗ್ಲು ವಸಿ ಮುಂದಕ್ ಮಾಡು ಮಗ," ಅಂದರು. ಮುಚ್ಚಿದೆ. "ಕೆರೆ ಸುತ್ತ ವಾಕಿಂಗ್ ಬರ್ತಾರಲ್ಲ, ಅಪಾರ್ಟ್‌ಮೆಂಟ್ ಎಂಗಸ್ರು, ಅವ್ರ ಕೂದ್ಲು ಬಿಸ್ಲಿಗೆ ಬೆಲ್ಲದ ಪಾಕ ಇದ್ದಂಗ್ ಇರ್ತದೆ. ನಂಗೂ ಅಂಗೇ ಮಾಡ್ಕೊಡು."

ನನಗೆ ನಗು ಬಂತು. "ಇದೇನ್ ದೊಡ್ಡಮ್ಮ, ಇದ್ದಕ್ಕಿದ್ದಂಗೆ?"

"ಬರೋ ತಿಂಗ್ಳು ತಿರುಪ್ತಿಗೆ ಓಗ್ತಾ ಇದೀವಿ. ಮುಡಿ ಕೊಡ್ಬೇಕು."

"ಏನ್ ಹರಕೆ ಹೊತ್ತಿದ್ರಿ?"

"ನಾನೆಲ್ ಒತ್ತೆ? ಒತ್ಕೊಂಡಿದ್ದು ನಿಮ್ ದೊಡ್ಡಪ್ಪ. ಸೈಟಿನ ಕೇಸು ಗೆದ್ರೆ ಎಂಡ್ತಿ ಮುಡಿ ಕೊಡಿಸ್ತೀನಿ ಅಂತ. ಗೆದ್ರು."

"ಅವರ ಮುಡೀನೇ ಕೊಡ್ಬೋದಿತ್ತಲ್ಲ?"

"ಅವ್ರ ತಲೇಲಿ ಏನೈತೆ ಕೊಡಕ್ಕೆ?"

ನಕ್ಕೆ, ಜೊತೆಗೇ ಸಿಟ್ಟು ನೆತ್ತಿಗೇರಿತು. ತನ್ನ ತಲೆ ಬೋಳು ಎಂದು ಹೆಂಡತಿಯ ಜಡೆಯನ್ನು ದೇವರಿಗೆ ಬರೆದುಕೊಡುವ ಗಂಡಸರ ಧೈರ್ಯ ನೋಡಿ! ದೊಡ್ಡಮ್ಮನಿಗೆ ನನ್ನಷ್ಟು ಸಿಟ್ಟಿರಲಿಲ್ಲ. "ದೇವ್ರಿಗೆ ಕೊಡಕ್ಕೆ ನಂಗೇನೂ ಬ್ಯಾಸ್ರ ಇಲ್ಲ ಕಣಮ್ಮ. ನನ್ನೊಂದ್ ಮಾತು ಕೇಳ್ಲಿಲ್ವಲ್ಲ ಅಂತ ಅಷ್ಟೇ. ಇಷ್ಟ್ ವರ್ಸ ಎಣ್ಣೆ ಆಕಿ, ಸಿಕ್ಕು ಬಿಡ್ಸಿ ಒತ್ಕೊಂಡ್ ತಿರ್ಗಿದೀನಿ. ಓಗೋ ಮುಂಚೆ ಒಂದ್ ಸಲ ನನ್ನಿಷ್ಟ ಬಂದಂಗೆ ನೋಡ್ಕೊಬೇಕು." ಇದನ್ನು ಹೇಳುವಾಗ ಅವರು ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಅದರ ತುದಿಯನ್ನೇ ನೋಡುತ್ತಿದ್ದರು.

ಒಂದು ಷರತ್ತನ್ನೂ ಹಾಕಿದರು. ಹರಕೆ ಹೊತ್ತ ಮೇಲೆ ಕೂದಲು ದೇವರ ಮೀಸಲು. ಕತ್ತರಿ ಸೋಕಿಸುವಂತಿಲ್ಲ, ಒಂದು ಹಿಡಿಯೂ ಉದುರುವಂತಿಲ್ಲ. ಬಣ್ಣ ಹಚ್ಚಲು ಹೋಗಿ ಜಡೆ ಕಿತ್ತು ಬಂದರೆ, ಇವಳ ಶೋಕಿಗೆ ಹರಕೆ ಕೆಟ್ಟಿತು ಎನ್ನುತ್ತಾರೆ. ಆಮೇಲೆ ಆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅದು ಇವರ ತಲೆಗೇ ಬರುತ್ತದೆ. ಅದು ನನಗೂ ಗೊತ್ತಿತ್ತು. ಆ ಮನೆಯವರ ಬಾಯಿ ನಮ್ಮ ಬೀದಿಗೆಲ್ಲ ಪರಿಚಯ.

"ಮೀಸಲು ಕೂದಲಿಗೆ ಬಣ್ಣ ಹಚ್ಚಬಹುದಾ ದೊಡ್ಡಮ್ಮ? ದೇವರು ಏನೂ ಅನ್ನಲ್ವಾ?" ಎಂದು ಕೇಳಿದೆ. ಹೆದರಿಕೆಯಿಂದ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿತ್ತು.

"ಇಷ್ಟ್ ದಿನ ಗೋರಂಟಿ ಆಕ್ಕೊಂಡಾಗ ಬ್ಯಾಡ ಅನ್ನದ ತಿಮ್ಮಪ್ಪ ಈಗ ಅಂತಾನಾ?"

ಗೋರಂಟಿ ಎಂಬ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. "ಯಾವುದ್ರಲ್ಲಿ ನೆನಸ್ತೀರ ದೊಡ್ಡಮ್ಮ?"

"ಕಬ್ಣದ ಬಾಂಡ್ಲೀಲಿ. ಇನ್ಯಾವುದ್ರಲ್ಲಿ ನೆನಸ್ತಾರೆ?"

ಅವರ ಮಾತು ನಿಜ. ನಮ್ಮಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಟೀ ಡಿಕಾಕ್ಷನ್ನಿನಲ್ಲಿ ಗೋರಂಟಿ ಪುಡಿ ಕಲಸಿ ಕಬ್ಬಿಣದ ಬಾಂಡ್ಲಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಅದು ಕಪ್ಪಾಗುತ್ತದೆ, ನರೆಗೂದಲು ಕೆಂಪಗಾಗದೆ ಕಪ್ಪಗಾಗುತ್ತದೆ. ಬಾಂಡ್ಲಿ ಹಳೆಯದಾದಷ್ಟೂ ಒಳ್ಳೆಯದು ಎನ್ನುತ್ತಾರೆ. ದೊಡ್ಡಮ್ಮನದು ಅವರ ಅತ್ತೆಯ ಕಾಲದ್ದು. ಅಂದರೆ ಅವರ ಜಡೆಯ ಎಳೆ ಎಳೆಯೂ ವರ್ಷಗಟ್ಟಲೆ ಕಬ್ಬಿಣ ಕುಡಿದಿತ್ತು. ಪೂರಿಯಂತೆ ಊದಿದ ನನ್ನ ಬಾಟಲಿ ಕಣ್ಣ ಮುಂದೆ ಬಂತು.

ಅವರಿಗೆ ಆಗಲೇ ಏನೂ ಹೇಳಲಿಲ್ಲ. ಬಾಚಿದಾಗ ಉದುರಿದ ಕೂದಲಿದ್ದರೆ ತಂದುಕೊಡಿ ಎಂದೆ. ನಮ್ಮ ಕಡೆ ಅದನ್ನು ಬಿಸಾಡುವುದಿಲ್ಲ. ಉಂಡೆ ಸುತ್ತಿ ಕವರಿನಲ್ಲಿ ಕೂಡಿಟ್ಟರೆ, ಕೂದಲಿಗೆ ಪಾತ್ರೆ ಕೊಡುವವರು ಬೀದಿಗೆ ಬಂದಾಗ ಒಂದು ಸ್ಟೀಲ್ ಡಬ್ಬಿಯಾದರೂ ಸಿಗುತ್ತದೆ. ದೊಡ್ಡಮ್ಮ ಅವತ್ತು ಸಂಜೆಯೇ ಒಂದು ಕವರು ತಂದುಕೊಟ್ಟು, "ಇದನ್ಯಾಕೆ ಕೇಳ್ದೆ?" ಎನ್ನುತ್ತಲೇ ಹೋದರು.

ಗಾಜಿನ ಬಟ್ಟಲಿನಲ್ಲಿ ಇಪ್ಪತ್ತರ ಡೆವಲಪರಿಗೆ ಬಣ್ಣ ಕಲಸಿ, ಒಂದು ಉಂಡೆ ಕೂದಲು ಬಿಡಿಸಿ ಅದರಲ್ಲಿ ಮುಳುಗಿಸಿದೆ. ಪಕ್ಕದ ಬಟ್ಟಲಿನಲ್ಲಿ ನನ್ನದೇ ಕೂದಲು ಹಾಕಿದೆ, ಹೋಲಿಸಿ ನೋಡಲು. ನಾನು ಗೋರಂಟಿ ಮುಟ್ಟಿದವಳಲ್ಲ. ನನ್ನದು ತಣ್ಣಗೆ ಕೂತಿತು. ದೊಡ್ಡಮ್ಮನದರಲ್ಲಿ ಅಂಚಿನಿಂದ ಸಣ್ಣ ಗುಳ್ಳೆಗಳು ಏಳತೊಡಗಿದವು, ನೋಡನೋಡುತ್ತ ನೊರೆ ಬಂತು. ಬಟ್ಟಲು ಮುಟ್ಟಿದೆ, ಬೆಚ್ಚಗಿತ್ತು. ಇನ್ನೊಂದು ಸ್ವಲ್ಪ ಹೊತ್ತಿಗೆ ಬಿಸಿಯಾಯಿತು. ಒಲೆಯಿಲ್ಲ, ಬೆಂಕಿಯಿಲ್ಲ, ಕೂದಲೇ ಒಲೆಯಾಗಿತ್ತು! ಯಾರದೋ ಅತ್ತೆಯ ಬಾಂಡ್ಲಿ ಎಲ್ಲಿಂದ ಎಲ್ಲಿಗೆ ಬಂದು ಮುಟ್ಟಿತು ನೋಡಿ ಎಂದು ನನಗೆ ಖುಷಿಯೇ ಆಯಿತು. ತೊಳೆದು ಎಳೆದರೆ ಎಳೆ ರಬ್ಬರಿನಂತೆ ಉದ್ದವಾಗಿ ಪಟ್ಟನೆ ತುಂಡಾಯಿತು. ಆಗ ದೊಡ್ಡಮ್ಮ ಜಡೆಯ ತುದಿಯನ್ನು ನೋಡುತ್ತ ನಿಂತದ್ದು ನೆನಪಾಗಿ ಆ ಖುಷಿ ಇಳಿದುಹೋಯಿತು.

ಸುಲಭಕ್ಕೆ ಸೋಲೊಪ್ಪಲಿಲ್ಲ. ಹತ್ತಕ್ಕೆ ಇಳಿಸಿದೆ; ಬಿಸಿ ಕಡಿಮೆಯಾಯಿತು, ಆದರೂ ಎಳೆ ತುಂಡಾಗುವುದು ನಿಲ್ಲಲಿಲ್ಲ. ಬ್ಯಾಟರಿ ನೀರು ಬೆರೆಸಿ ಐದಕ್ಕೆ ತಂದೆ. ಇನ್ನೂ ಬೆರೆಸಿ ಅದರರ್ಧಕ್ಕೆ ತಂದೆ. ಅಲ್ಲಿ ಬಟ್ಟಲು ತಣ್ಣಗಿತ್ತು, ಎಳೆ ಗಟ್ಟಿಯಾಗಿತ್ತು. ಬಣ್ಣವೂ ಮೊದಲಿದ್ದ ಹಾಗೇ ಕಪ್ಪಾಗಿತ್ತು. ಮಜ್ಜಿಗೆಗೆ ನೀರು ಬೆರೆಸುತ್ತ ಹೋದರೆ ಕೊನೆಗೆ ಉಳಿಯುವುದು ನೀರೇ. ಈ ಎರಡರ ನಡುವೆ ಎಲ್ಲಾದರೂ ಒಂದು ಹದವಿರಬೇಕು, ಕೂದಲು ಉಳಿದು ಬಣ್ಣವೂ ಬರುವ ಹದ, ಎಂದು ಕವರಿನಲ್ಲಿ ಒಂದೇ ಒಂದು ಎಳೆಗುಚ್ಛ ಉಳಿಯುವವರೆಗೂ ಹುಡುಕಿದೆ. ಬೇರೆಯವರ ತಲೆಗೆ ಆ ಹದ ಧಾರಾಳವಾಗಿದೆ. ದೊಡ್ಡಮ್ಮನ ತಲೆಗೆ ಇರಲೇ ಇಲ್ಲ.

ಬಾಂಡ್ಲಿಯ ಕಬ್ಬಿಣ ಕೂದಲಿಗೆ ಇಳಿದಿದೆ, ಬಣ್ಣ ಹಚ್ಚಿದರೆ ಜಡೆ ಉಳಿಯುವುದಿಲ್ಲ ಎಂದು ಮಾರನೆಯ ದಿನ ಹೇಳಿದೆ. ಅವರು ನಂಬಲಿಲ್ಲ.

"ನಿಂಗ್ ಬರಲ್ಲ ಅಂತೇಳು. ಆರ್.ಟಿ. ನಗರದಾಗೆ ದೊಡ್ ದೊಡ್ ಪಾರ್ಲರ್ ಅವೆ, ಅಲ್ಲಿಗೋಗ್ತೀನಿ."

ನನಗೆ ನಿಜಕ್ಕೂ ಭಯವಾಯಿತು. ಅಲ್ಲಿ ಯಾರಾದರೂ ಗೋರಂಟಿ ವಿಷಯ ಕೇಳದೆ, ಅಷ್ಟು ಕಪ್ಪು ಕೂದಲಿಗೆ ಬೇಗ ಬಣ್ಣ ಬರಲಿ ಎಂದು ನಲವತ್ತನ್ನೇ ಸುರಿದುಬಿಟ್ಟರೆ? ಉಳಿದಿದ್ದ ಒಂದು ಎಳೆಗುಚ್ಛವನ್ನು ಅವರ ಎದುರಿಗೇ ಬಟ್ಟಲಿಗೆ ಹಾಕಿದೆ. ನೊರೆ ಎದ್ದಿತು. "ಮುಟ್ಟಿ ನೋಡಿ," ಎಂದೆ. ಬಟ್ಟಲಿಗೆ ಹೊರಗಿನಿಂದ ಬೆರಳಿಟ್ಟವರು ಚಕ್ಕನೆ ತೆಗೆದರು. ತೊಳೆದು ಕೈಗೆ ಕೊಟ್ಟೆ. ತಮ್ಮದೇ ಕೂದಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರು. ಅದು ಸದ್ದಿಲ್ಲದೆ ತುಂಡಾಯಿತು.

ಎರಡೂ ತುಂಡುಗಳನ್ನು ಬಟ್ಟಲಿನ ಪಕ್ಕ ಇಟ್ಟರು. ಆಮೇಲೆ, "ನಮ್ಮತ್ತೆ ಬಾಂಡ್ಲಿ," ಎಂದಷ್ಟೇ ಹೇಳಿ ಎದ್ದರು. ಹೋಗುವಾಗ ಬಾಗಿಲನ್ನು ಪೂರ್ತಿ ತೆರೆದಿಟ್ಟೇ ಹೋದರು. ಅವರು ಬೀದಿ ತಿರುಗುವವರೆಗೂ ಆ ಕಪ್ಪು ಜಡೆಯನ್ನೇ ನೋಡುತ್ತ ನಿಂತಿದ್ದೆ. ಏನೋ ಒಂದು ದಾರಿ ಇದ್ದೇ ಇರಬೇಕಿತ್ತು, ನನಗೆ ಹೊಳೆಯಲಿಲ್ಲ ಎಂದು ದಿನವಿಡೀ ಕಸಿವಿಸಿಯಾಯಿತು.

ತಿರುಪತಿಯಿಂದ ಬಂದ ಮೇಲೆ ಲಡ್ಡು ಕೊಡಲು ಅವರೇ ಬಂದರು. ತಲೆಗೆ ಗಂಧ ಹಚ್ಚಿದ್ದರು, ಮೇಲೆ ಸೆರಗು. ನನ್ನ ಕಣ್ಣು ಅಲ್ಲಿಗೇ ಹೋಗುತ್ತಿದ್ದುದನ್ನು ಕಂಡು ತಾವೇ ಸೆರಗು ಸರಿಸಿದರು. ಜಡೆ ಹೋಗುವಾಗ ತಮಗೆ ಏನೂ ಅನ್ನಿಸಲಿಲ್ಲವಂತೆ. ತಲೆ ಹಗುರಾಗಿ ಎಲ್ಲಿ ಮುಂದಕ್ಕೆ ಬೀಳುತ್ತೇನೋ ಅಂತ ಮಾತ್ರ ಅನ್ನಿಸಿತಂತೆ. ಪಕ್ಕದಲ್ಲಿ ಚಪ್ಪಲಿ ಹಿಡಿದುಕೊಂಡು ನಿಂತಿದ್ದ ದೊಡ್ಡಪ್ಪನೇ ಅತ್ತರಂತೆ. "ಅಳೋದಾದ್ರೆ ಅರಕೆ ಯಾಕ್ ಒತ್ಕೊಂಡ್ರಿ ಅಂದೆ. ಅದ್ಕೂ ಅತ್ರು," ಎಂದು ದೊಡ್ಡಮ್ಮ ನಕ್ಕರು. ನನಗೆ ದೊಡ್ಡಪ್ಪನ ಮೇಲಿದ್ದ ಸಿಟ್ಟು ಕಾಲುಭಾಗ ಇಳಿಯಿತು. ಇನ್ನು ಮುಕ್ಕಾಲು ಹಾಗೇ ಇತ್ತು.

ಆ ಬೋಳು ತಲೆಯನ್ನು ನೋಡಿದಾಗಲೇ ನನಗೆ ಹೊಳೆಯಿತು. ಕಬ್ಬಿಣವೆಲ್ಲ ತಿಮ್ಮಪ್ಪನ ಪಾಲಾಗಿತ್ತು. ಇನ್ನು ಹುಟ್ಟುವ ಕೂದಲು ಬಾಂಡ್ಲಿ ಕಾಣದ ಕೂದಲು!

"ದೊಡ್ಡಮ್ಮ, ಇನ್ಮೇಲೆ ಗೋರಂಟಿ ಮುಟ್ಬೇಡಿ. ವಸಿ ಬೆಳೀಲಿ, ಆಮೇಲ್ ಬನ್ನಿ," ಎಂದೆ.

ಅವರು ನನ್ನನ್ನೇ ನೋಡಿದರು. ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿ ಸೆರಗು ಎಳೆದುಕೊಂಡರು.

ಅವರ ಕೂದಲು ಬೆರಳಗಲ ಬೆಳೆಯುವವರೆಗೆ ನನಗೇ ತಾಳ್ಮೆ ಇರಲಿಲ್ಲ. ಬೀದಿಯಲ್ಲಿ ಸಿಕ್ಕಾಗಲೆಲ್ಲ ಸೆರಗಿನ ಅಂಚಿನಲ್ಲಿ ಇಣುಕಿ ನೋಡುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತರು; ಈ ಸಲ ಬಾಗಿಲು ಮುಚ್ಚಲು ಹೇಳಲಿಲ್ಲ. ಅಪ್ಪಟ ಬಿಳಿ ಕೂದಲು, ಮಗುವಿನದರಂತೆ ನವಿರು. ಕಿವಿಯ ಹಿಂದಿನಿಂದ ನಾಲ್ಕು ಎಳೆ ಕತ್ತರಿಸಿ ಬಟ್ಟಲಿಗೆ ಹಾಕಿದೆ. ಇಬ್ಬರೂ ಬಟ್ಟಲಿನ ಮೇಲೆ ಬಗ್ಗಿ ಕೂತೆವು. ಒಂದು ಗುಳ್ಳೆಯೂ ಏಳಲಿಲ್ಲ. ದೊಡ್ಡಮ್ಮ ತಾವೇ ಬೆರಳಿಟ್ಟು ನೋಡಿ, "ತಣ್ಣಗೈತೆ," ಅಂದರು.

ಬಿಳಿ ಕೂದಲಿನ ಸ್ವಭಾವವೇ ಬೇರೆ. ತಿನ್ನಲು ಅದರಲ್ಲಿ ಹಳೇ ಬಣ್ಣವಿಲ್ಲ, ಹಾಗೆಂದು ಸಪ್ಪೆ ಡೆವಲಪರ್ ಸಾಕೇ ಎಂದರೆ ಸಾಲದು. ಮೇಲ್ಪದರ ಬಿಗಿಯಾಗಿದ್ದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಇಪ್ಪತ್ತೇ ಬೇಕು. ಬರೀ ತಾಮ್ರದ ಬಣ್ಣ ಹಾಕಿದರೆ ಕ್ಯಾರೆಟ್ಟಿನಂತಾಗುತ್ತದೆ ಎಂದು ಒಂದಿಷ್ಟು ಕಂದು ಸೇರಿಸಿದೆ. ಹಚ್ಚಿ, ಕಾದು, ತೊಳೆದು, ಟವೆಲ್ಲಿನಲ್ಲಿ ಒತ್ತಿ, ಬಿಸಿಲಿಗೆ ಬನ್ನಿ ಎಂದು ಮುಂದಿನ ಜಗಲಿಗೆ ಕರೆದುಕೊಂಡು ಹೋಗಿ ಕೈಗೆ ಕನ್ನಡಿ ಕೊಟ್ಟೆ. ಬೆಲ್ಲದ ಪಾಕವೇ. ಪಾಕ ಏರಿ ಗಟ್ಟಿಯಾಗುವುದಕ್ಕೆ ಮುಂಚಿನ ಬಣ್ಣ. ದೊಡ್ಡಮ್ಮ ಕನ್ನಡಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ನನ್ನ ಕಣ್ಣು ತುಂಬಿ ಬಂತು, ಯಾಕೆಂದು ಕೇಳಿದರೆ ಹೇಳಲಾರೆ.

ಅಷ್ಟರಲ್ಲಿ ದೊಡ್ಡಪ್ಪ ಸ್ಕೂಟರ್ ತಂದು ನಿಲ್ಲಿಸಿದರು. ಜಗಲಿಯ ಮೇಲಿದ್ದವರು ಯಾರೋ ಗಿರಾಕಿ ಎಂದುಕೊಂಡು ಮುಖ ಬೇರೆ ಕಡೆ ಮಾಡಿ, "ನಮ್ಮೋಳು ಒಳಗವ್ಳಾ?" ಎಂದು ನನ್ನನ್ನು ಕೇಳಿದರು. ದೊಡ್ಡಮ್ಮ ಕೆಮ್ಮಿದರು. ಅವರು ತಿರುಗಿ ನೋಡಿ, ನೋಡುತ್ತಲೇ ನಿಂತರು. ತಲೆಯಲ್ಲಿಲ್ಲದ ಕೂದಲೆಲ್ಲ ಅವರ ಮೀಸೆಗೆ ಬಂದಿದೆ; ಹುರಿ ಮಾಡಿ ತಿರುವಿದ ದಪ್ಪ ಮೀಸೆ. ಅದು ಸ್ವಲ್ಪ ಅಲುಗಾಡಿತು.

"ಚೆನ್ನಾಗೈತೆ ಕಣೆ," ಅಂದರು ಕೊನೆಗೆ, ಮನಸಾರೆಯೇ. ಆಮೇಲೆ ಆ ತಲೆಯನ್ನೇ ದಿಟ್ಟಿಸುತ್ತ, "ಪರ್ವಾಗಿಲ್ಲ, ಬೇಗ ಬೆಳೀತಾ ಐತೆ. ಆ ಕಡೆ ಸೈಟಿಂದು ಇನ್ನೊಂದ್ ಕೇಸು ಬಾಕಿ ಐತಲ್ಲ, ಅದೊಂದ್ ಗೆದ್ದುಬಿಟ್ರೆ..."

ದೊಡ್ಡಮ್ಮ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು.

"ಅದಕ್ಕೆ ನಿಮ್ ಮೀಸೆ ಅರಕೆ ಒತ್ಕೊಳಿ," ಅಂದರು. "ಈ ಕೂದ್ಲು ನಂದು."

ದೊಡ್ಡಪ್ಪನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು.